ಬುರುಡೆ ಬಲ್ಬಿನ ಜಾಗಕ್ಕೆ ಡಿಮ್ ಆಗುವ ಎಲ್‌ಇಡಿ: ಯಾವ ಮನೆಗೆ ಯಾವುದು ಸರಿ

ಹಜಾರದ ಗೋಡೆಯಲ್ಲಿ ಬೆಳಕು ಏರಿಸಿ ಇಳಿಸಲು ತಿರುಗಿಸುವ ಡಿಮ್ಮರ್ ಇದೆ. ಬಲ್ಬು ಸುಟ್ಟಿತೆಂದು ಅಂಗಡಿಗೆ ಹೋದರೆ, ಅರವತ್ತು ಕ್ಯಾಂಡಲ್ ಬುರುಡೆ ಬಲ್ಬು ಈಗ ಯಾರೂ ಕೇಳುವುದಿಲ್ಲವೆಂದು ಒಂಬತ್ತು ವಾಟಿನ ಎಲ್‌ಇಡಿ ಕೊಟ್ಟು ಕಳಿಸುತ್ತಾರೆ. ಮನೆಗೆ ತಂದು ಹಾಕಿದರೆ ಪೂರ್ತಿ ಬೆಳಕಿನಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಡಿಮ್ಮರ್ ಅರ್ಧಕ್ಕೆ ತಿರುಗಿಸಿದೊಡನೆ ಪಟಪಟ ಮಿಣುಕಲು ಶುರು. ಕೆಲವೊಮ್ಮೆ ಗುಂಯ್‌ಗುಡುತ್ತದೆ, ಕೆಲವೊಮ್ಮೆ ತಟ್ಟನೆ ಆರಿಹೋಗುತ್ತದೆ. ಆಮೇಲೆ ವಿಚಾರಿಸಿದಾಗ ಒಬ್ಬರು ‘ಡಿಮ್ಮಬಲ್’ ಬಲ್ಬು ತನ್ನಿ ಅನ್ನುತ್ತಾರೆ, ಇನ್ನೊಬ್ಬರು ಡಿಮ್ಮರನ್ನೇ ಕಿತ್ತು ಹಾಕಿ ಅನ್ನುತ್ತಾರೆ, ಮಗಳು ವೈಫೈ ಬಲ್ಬು ತರಿಸೋಣ ಅನ್ನುತ್ತಾಳೆ. ಯಾವುದನ್ನು ಆರಿಸಲಿ ಎಂದು ಓದುಗರು ಕೇಳುತ್ತಲೇ ಇದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಮ್ ಆಗುವ ಎಲ್‌ಇಡಿ ಎಂದರೆ ಬಲ್ಬು ಮತ್ತು ಡಿಮ್ಮರ್ ಎರಡೂ ಸೇರಿದ ಜೋಡಿ. ಜೋಡಿ ಹೊಂದಿದರೆ ಹಳೆಯ ಬಲ್ಬಿನಷ್ಟೇ ಹಿತ, ಹೊಂದದಿದ್ದರೆ ಎಷ್ಟು ದುಬಾರಿ ಬಲ್ಬು ತಂದರೂ ಕಿರಿಕಿರಿ ತಪ್ಪದು. ಇನ್ನೂ ಒಂದು ಮಾತಿದೆ. ಡಿಮ್ಮರ್ ಬೇಕು ಎನ್ನುವ ಅನೇಕ ಮನೆಗಳಿಗೆ ನಿಜಕ್ಕೂ ಬೇಕಿರುವುದು ಇನ್ನೊಂದು ಪುಟ್ಟ ದೀಪ, ಅದಕ್ಕೊಂದು ಬೇರೆ ಸ್ವಿಚ್ಚು.

ಏನನ್ನು ನೋಡಿ ನಿರ್ಧರಿಸಬೇಕು

ಮೊದಲ ಪ್ರಶ್ನೆ: ಬೆಳಕು ಎಷ್ಟು ಇಳಿಯಬೇಕು? ಟಿ.ವಿ. ನೋಡುವಾಗ ಕಣ್ಣಿಗೆ ಚುಚ್ಚದಷ್ಟು ಇಳಿದರೆ ಸಾಕೇ, ಅಥವಾ ರಾತ್ರಿ ಮಗುವಿಗೆ ಹಾಲು ಕುಡಿಸುವಾಗ ಅದರ ನಿದ್ದೆ ಕೆಡದಷ್ಟು ಇಳಿಯಬೇಕೇ? ಇವೆರಡರ ನಡುವೆ ಅಜಗಜಾಂತರವಿದೆ. ಬೆಳಕನ್ನು ಮೀಟರಿನಲ್ಲಿ ಅಳೆದು ಹತ್ತನೇ ಒಂದಕ್ಕೆ ಇಳಿಸಿದರೂ ನಮ್ಮ ಕಣ್ಣಿಗೆ ಅದು ಮೂರನೇ ಒಂದರಷ್ಟು ಕಾಣುತ್ತದೆ, ಏಕೆಂದರೆ ಬೆಳಕು ಕಡಿಮೆಯಾದಂತೆ ಕಣ್ಣಿನ ಪಾಪೆ ಅಗಲವಾಗಿ ದೃಷ್ಟಿಯೂ ಸೂಕ್ಷ್ಮವಾಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ‘10 ಪರ್ಸೆಂಟ್‌ವರೆಗೆ ಡಿಮ್’ ಎಂದು ಓದಿ ಅದು ಜೀರೋ ಬಲ್ಬಿನ ಬೆಳಕು ಕೊಡುತ್ತದೆಂದು ತಿಳಿಯಬೇಡಿ.

ಎರಡನೆಯದು, ಬಳಸುವವರು ಯಾರು ಎಂಬುದು. ಸ್ವಿಚ್ಚನ್ನು ಕತ್ತಲಲ್ಲೇ ತಡಕಿ ಹಾಕುವ ಅಜ್ಜಿ ಮನೆಯಲ್ಲಿದ್ದರೆ, ಮೊಬೈಲಿನಲ್ಲಿ ಮಾತ್ರ ಆಡುವ ದೀಪ ಅವರ ಕೈಗೆ ಎಟುಕದ ದೀಪವೇ. ಮೂರನೆಯದು, ಮನೆ ಸ್ವಂತದ್ದೋ ಬಾಡಿಗೆಯದೋ. ಬಾಡಿಗೆ ಮನೆಯಲ್ಲಿ ಸ್ವಿಚ್ ಬೋರ್ಡ್ ಬಿಚ್ಚಿಸುವುದು ಎಲ್ಲ ಮಾಲೀಕರಿಗೂ ಒಪ್ಪಿಗೆಯಾಗದು. ಬಲ್ಬಾದರೆ ಖಾಲಿ ಮಾಡುವಾಗ ತಿರುಗಿಸಿ ತೆಗೆದುಕೊಂಡು ಹೋಗಬಹುದು. ನಾಲ್ಕನೆಯದು, ಒಂದು ಸ್ವಿಚ್ಚಿನಡಿ ಎಷ್ಟು ಬಲ್ಬುಗಳಿವೆ. ಒಂಟಿ ಬಲ್ಬಿನ ಸಮಸ್ಯೆ ಬೇರೆ, ಮೇಣದಬತ್ತಿಯಾಕಾರದ ಆರು ‘ಕ್ಯಾಂಡಲ್’ ಬಲ್ಬುಗಳ ತೂಗುದೀಪದ ಸಮಸ್ಯೆ ಬೇರೆ. ಐದನೆಯದು, ನಿಮ್ಮೂರಿನ ಕರೆಂಟು. ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕಡೆ, ಸಂಜೆ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಕುಸಿಯುವ ಕಡೆ, ಕೆಲವು ಆಯ್ಕೆಗಳು ಅಲ್ಲಿಗೇ ಬಿದ್ದುಹೋಗುತ್ತವೆ.

ಇನ್ನು ದುಡ್ಡು. ಇದರ ಲೆಕ್ಕ ಸ್ಪಷ್ಟವಾಗಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. 60 ವಾಟಿನ ಬುರುಡೆ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದರ ಬೆಳಕನ್ನೇ ಅಥವಾ ತುಸು ಹೆಚ್ಚು ಬೆಳಕನ್ನು ಕೊಡುವ 9 ವಾಟಿನ ಎಲ್‌ಇಡಿಗೆ 1.35 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ 54 ರೂಪಾಯಿ 8 ರೂಪಾಯಿಗೆ ಇಳಿಯಿತು. ಈಗ ಆ ಎಲ್‌ಇಡಿಯನ್ನು ಪ್ರತಿದಿನ ಅರ್ಧಕ್ಕೆ ಡಿಮ್ ಮಾಡಿ ಉರಿಸಿದರೆ ಇನ್ನೆಷ್ಟು ಉಳಿಯುತ್ತದೆ? ತಿಂಗಳಿಗೆ ಹೆಚ್ಚೆಂದರೆ ನಾಲ್ಕು ರೂಪಾಯಿ. ಉಳಿತಾಯವೆಲ್ಲ ಬುರುಡೆಯಿಂದ ಎಲ್‌ಇಡಿಗೆ ಬಂದದ್ದರಲ್ಲೇ ಆಗಿಹೋಗಿರುತ್ತದೆ. ಆದ್ದರಿಂದ ಡಿಮ್ ಆಗುವ ಬಲ್ಬಿಗೆ ಕೊಡುವ ಹೆಚ್ಚಿನ ಹಣ ಕಣ್ಣಿನ ಹಿತಕ್ಕೆ, ಮನಸ್ಸಿನ ನೆಮ್ಮದಿಗೆ ಕೊಡುವ ಹಣ. ಕರೆಂಟ್ ಬಿಲ್ ಇಳಿಸಲು ಅದನ್ನು ಕೊಳ್ಳಬೇಡಿ. ಗೃಹಜ್ಯೋತಿಯ ಫಲಾನುಭವಿಗಳು ಒಂದು ವಿಷಯ ನೆನಪಿಡಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 190ರ ಆಸುಪಾಸಿನಲ್ಲಿರುವ ಮನೆಯಲ್ಲಿ ಇನ್ನೂ ಎರಡು ಮೂರು ಬುರುಡೆ ಬಲ್ಬು ಉರಿಯುತ್ತಿದ್ದರೆ ಇವತ್ತೇ ಬದಲಿಸಿ, ಡಿಮ್ ಆಗಲಿ ಬಿಡಲಿ.

ಹಳೆಯ ಬಲ್ಬು ಮಾತು ಕೇಳುತ್ತಿತ್ತು, ಇದೇಕೆ ಕೇಳದು?

ಇದನ್ನು ತಿಳಿದುಕೊಂಡರೆ ಮುಂದಿನ ಆಯ್ಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಬುರುಡೆ ಬಲ್ಬಿನೊಳಗೆ ಇರುವುದು ಟಂಗ್‌ಸ್ಟನ್ ತಂತಿ. ಕರೆಂಟು ಹರಿದಾಗ ಅದು ಕಾದು ಬೆಳಗುತ್ತದೆ. ನಮ್ಮ ಗೋಡೆಯ ಸಾಮಾನ್ಯ ಡಿಮ್ಮರಿನಲ್ಲಿ ಟ್ರಯಾಕ್ ಎಂಬ ಬಿಡಿಭಾಗವಿದೆ. ಅದು ಕರೆಂಟಿನ ಪ್ರತಿ ಅರ್ಧ ಅಲೆಯ ಮೊದಲ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಬಲ್ಬಿಗೆ ಬಿಡುತ್ತದೆ. ನಮ್ಮದು 50 ಹರ್ಟ್ಸ್ ಕರೆಂಟು, ಹಾಗಾಗಿ ಈ ಕತ್ತರಿ ಸೆಕೆಂಡಿಗೆ 100 ಬಾರಿ ಆಡುತ್ತದೆ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲವಾದ್ದರಿಂದ ಕಣ್ಣಿಗೆ ಏನೂ ಗೊತ್ತಾಗದು, ಬೆಳಕು ಮೆಲ್ಲನೆ ಇಳಿಯುತ್ತದೆ, ಇಳಿಯುತ್ತಾ ಕೆಂಪೇರುತ್ತದೆ. ಬೆಳಕು ಅರ್ಧವಾದರೂ 60 ವಾಟಿನ ಆ ಬಲ್ಬು ಸುಮಾರು 43 ವಾಟ್ ತಿನ್ನುತ್ತಲೇ ಇತ್ತು ಎಂಬುದು ಬೇರೆ ಮಾತು.

ಎಲ್‌ಇಡಿ ಹಾಗಲ್ಲ. ಅದರ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದೆ. ಒಳಗೆ ಬರುವ ಕರೆಂಟು ಹೇಗೇ ಇರಲಿ, ಎಲ್‌ಇಡಿ ಚಿಪ್ಪುಗಳಿಗೆ ಸಮನಾದ ಪ್ರವಾಹ ಕೊಡುವುದೇ ಅದರ ಕೆಲಸ. ಡಿಮ್ಮರ್ ಅಲೆಯನ್ನು ಕತ್ತರಿಸಿದರೆ, ಸಾಮಾನ್ಯ ಡ್ರೈವರ್ ಅದನ್ನು ‘ಕಡಿಮೆ ಬೆಳಕು ಬೇಕು’ ಎಂಬ ಸೂಚನೆಯಾಗಿ ಓದುವುದಿಲ್ಲ. ಕೆಟ್ಟ ಕರೆಂಟು ಬರುತ್ತಿದೆ ಎಂದುಕೊಂಡು ಸರಿಪಡಿಸಲು ಹೆಣಗುತ್ತದೆ. ಡಿಮ್ಮರ್ ಸ್ವಲ್ಪ ದೂರ ತಿರುಗುವವರೆಗೆ ಪೂರ್ತಿ ಬೆಳಕನ್ನೇ ಕೊಡುತ್ತದೆ, ಆಮೇಲೆ ಕೈಚೆಲ್ಲಿ ಮಿಣುಕುತ್ತದೆ. ಹೀಗೆ ಬಹಳ ದಿನ ನಡೆದರೆ ಒಳಗಿನ ಕೆಪಾಸಿಟರ್ ಕಾದು ಬಲ್ಬು ಬೇಗ ಸಾಯುತ್ತದೆ. ಡಿಮ್ಮಬಲ್ ಎಂದು ಬರೆದ ಬಲ್ಬಿನ ಡ್ರೈವರಿಗೆ ಆ ಕತ್ತರಿಯ ಭಾಷೆ ಬರುತ್ತದೆ; ವ್ಯತ್ಯಾಸ ಇಷ್ಟೇ.

ನಮ್ಮ ಅಂಗಡಿಗಳಲ್ಲಿ ಅಂಥ ಬಲ್ಬು ಸುಲಭವಾಗಿ ಸಿಗದಿರುವುದಕ್ಕೂ ಕಾರಣವಿದೆ. 2015ರಲ್ಲಿ ಅಗ್ಗದ ಎಲ್‌ಇಡಿ ಹಂಚುವ ಕೇಂದ್ರದ ಉಜಾಲಾ ಯೋಜನೆ ಬಂದು, ನಮ್ಮಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಸ್ಕಾಂಗಳ ಮೂಲಕ ಮನೆಮನೆಗೆ ತಲುಪಿತು. 2014ರ ಆರಂಭದಲ್ಲಿ ಸರ್ಕಾರಿ ಖರೀದಿಯಲ್ಲಿ 310 ರೂಪಾಯಿ ಇದ್ದ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಬಡವರ ಮನೆಗೂ ಎಲ್‌ಇಡಿ ಬಂದದ್ದು ಇದರಿಂದಲೇ, ಅದು ದೊಡ್ಡ ಸಾಧನೆ. ಆದರೆ ಆ ಬೆಲೆಯ ಓಟದಲ್ಲಿ ಡ್ರೈವರ್ ಸರಳವಾಗುತ್ತಾ ಹೋಯಿತು. ಹತ್ತಿರದ ಅಂಗಡಿಯ ಕಪಾಟಿನಲ್ಲಿ ತುಂಬಿರುವುದು ಡಿಮ್ ಆಗದ, ಹಾಲಿನಂಥ ಬಿಳಿ ಬೆಳಕಿನ ಒಂಬತ್ತು ವಾಟಿನ ಬಲ್ಬುಗಳೇ.

ಇರುವ ಡಿಮ್ಮರ್ ಉಳಿಸಿಕೊಂಡು ಬಲ್ಬು ಮಾತ್ರ ಬದಲಿಸುವುದು

ಮೊದಲಿಗೆ ಎಲ್ಲರಿಗೂ ಹೊಳೆಯುವ ದಾರಿ ಇದು. ಗೋಡೆ ಮುಟ್ಟಬೇಕಿಲ್ಲ, ಎಲೆಕ್ಟ್ರಿಷಿಯನ್ ಬೇಡ, ಡಿಮ್ಮಬಲ್ ಬಲ್ಬು ತಂದು ಹಾಕಿದರಾಯಿತು. ಇದು ಸರಿಹೋಗುವುದೂ ಉಂಟು. ತೊಡಕು ಬರುವುದು ಹೊರೆಯ, ಅಂದರೆ ಡಿಮ್ಮರಿನಡಿಯ ಬಲ್ಬುಗಳ ಒಟ್ಟು ವಾಟಿನ, ವಿಷಯದಲ್ಲಿ. ಹಳೆಯ ಡಿಮ್ಮರಿನ ಮೇಲೆ 400 ವಾಟ್ ಅಥವಾ 650 ವಾಟ್ ಎಂದು ಬರೆದಿರುತ್ತದೆ. ಅದು ಬುರುಡೆ ಬಲ್ಬಿನ ಕಾಲದ ಅಳತೆ. ಟ್ರಯಾಕ್ ಹಿಡಿತ ತಪ್ಪದೆ ಕೆಲಸ ಮಾಡಲು ಒಂದು ಕನಿಷ್ಠ ಪ್ರವಾಹ ಬೇಕು. 60 ವಾಟಿನ ಬಲ್ಬು ಅದನ್ನು ಧಾರಾಳವಾಗಿ ಒದಗಿಸುತ್ತಿತ್ತು, 7 ವಾಟಿನ ಎಲ್‌ಇಡಿಯಿಂದ ಅದು ಆಗದು. ಪರಿಣಾಮ ಮಿಣುಕು.

ತೂಗುದೀಪ ಇರುವವರು ಇದನ್ನು ಗಮನವಿಟ್ಟು ಓದಿ. 40 ವಾಟಿನ ಆರು ಕ್ಯಾಂಡಲ್ ಬಲ್ಬುಗಳ ಹೊರೆ 240 ವಾಟ್. ಅವನ್ನೆಲ್ಲ 4 ವಾಟಿನ ಡಿಮ್ಮಬಲ್ ಎಲ್‌ಇಡಿಗೆ ಬದಲಿಸಿದರೆ ಒಟ್ಟು 24 ವಾಟ್. ಎಷ್ಟೋ ಹಳೆಯ ಡಿಮ್ಮರುಗಳಿಗೆ ಇದು ಕನಿಷ್ಠ ಮಿತಿಗಿಂತ ಕೆಳಗೆ. ಇದಕ್ಕೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಒಂದು ಉಪಾಯವಿದೆ: ಆರರಲ್ಲಿ ಐದನ್ನು ಎಲ್‌ಇಡಿ ಮಾಡಿ ಒಂದನ್ನು ಹಳೆಯ ಬುರುಡೆಯಾಗಿಯೇ ಉಳಿಸುವುದು. ಆ ಒಂದು ಬಲ್ಬು ಡಿಮ್ಮರಿಗೆ ಬೇಕಾದ ಹೊರೆ ಕೊಡುತ್ತದೆ, ಉಳಿದವು ನೆಮ್ಮದಿಯಾಗಿ ಉರಿಯುತ್ತವೆ. 240 ವಾಟ್ ಇದ್ದದ್ದು 60ಕ್ಕೆ ಬಂದರೂ ಒಳ್ಳೆಯ ಲಾಭವೇ. ಬಣ್ಣ ತುಸು ಹೊಂದದೆ ಕಾಣಬಹುದು. ಹಳದಿ ಬೆಳಕಿನ 2700 ಕೆಲ್ವಿನ್ ಎಲ್‌ಇಡಿ ತಂದರೆ ಅದೂ ಹೆಚ್ಚು ಎದ್ದು ಕಾಣದು.

ಮಿತಿ ಮೇಲಿನ ಕಡೆಯೂ ಇದೆ. 400 ವಾಟ್ ಎಂದು ಬರೆದ ಡಿಮ್ಮರಿಗೆ 400 ವಾಟಿನಷ್ಟು ಎಲ್‌ಇಡಿ ಹಾಕುವಂತಿಲ್ಲ. ಕತ್ತರಿಸಿದ ಅಲೆ ಒಮ್ಮೆಲೇ ಏರಿದಾಗ ಪ್ರತಿ ಡ್ರೈವರೂ ಕ್ಷಣಮಾತ್ರ ಹೆಚ್ಚು ಪ್ರವಾಹ ಎಳೆಯುತ್ತದೆ. ಬರೆದ ಅಳತೆಯ ಹತ್ತನೇ ಒಂದರಷ್ಟು ಎಲ್‌ಇಡಿ ವಾಟ್ ಎಂಬುದು ಸುರಕ್ಷಿತ ಅಂದಾಜು. 400ಕ್ಕೆ ಸುಮಾರು 40. ಬಲ್ಬು ಗುಂಯ್‌ಗುಡುವುದೂ ಈ ತಟ್ಟನೆ ಏರುವ ಅಲೆಯಿಂದಲೇ. ಹಗಲು ಅದು ಕೇಳಿಸದು, ರಾತ್ರಿ ಫ್ಯಾನ್ ನಿಲ್ಲಿಸಿದ ಮೇಲೆ ಮಲಗುವ ಕೋಣೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಬೋರ್ಡಿನಲ್ಲಿ ಖಾಲಿ ಬಿದ್ದಿರುವ ಫ್ಯಾನ್ ರೆಗ್ಯುಲೇಟರಿಗೆ ಬಲ್ಬು ಸೇರಿಸಿಕೊಳ್ಳುವವರಿದ್ದಾರೆ. ಈಗಿನ ಐದು ಮೆಟ್ಟಿಲಿನ ರೆಗ್ಯುಲೇಟರ್ ಕೆಪಾಸಿಟರಿನದು, ಫ್ಯಾನ್ ಮೋಟಾರಿಗೆಂದೇ ಮಾಡಿದ್ದು. ಅದಕ್ಕೆ ಎಲ್‌ಇಡಿ ಕೊಡಲೇಬೇಡಿ.

ಡಿಮ್ಮರನ್ನೂ ಎಲ್‌ಇಡಿಯದ್ದಕ್ಕೆ ಬದಲಿಸುವುದು

ಸ್ವಂತ ಮನೆ, ನಯವಾಗಿ ಏರಿಳಿಯುವ ಬೆಳಕು ಬೇಕು, ಮುಂದಿನ ಹತ್ತು ವರ್ಷ ಇದನ್ನೇ ಬಳಸುತ್ತೇವೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಎಲ್‌ಇಡಿಗೆಂದು ಮಾಡಿದ ಡಿಮ್ಮರುಗಳಲ್ಲಿ ಒಳ್ಳೆಯವು ಟ್ರೇಲಿಂಗ್ ಎಡ್ಜ್ ಬಗೆಯವು. ಅಲೆಯ ಮೊದಲ ಭಾಗದ ಬದಲು ಕೊನೆಯ ಭಾಗವನ್ನು ಕತ್ತರಿಸುತ್ತವೆ. ಅಲೆ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಡ್ರೈವರಿಗೆ ಏಟು ಬೀಳುವುದಿಲ್ಲ, ಗುಂಯ್‌ಗುಡುವುದು ಬಹುಪಾಲು ನಿಲ್ಲುತ್ತದೆ, ಕಡಿಮೆ ವಾಟಿನಲ್ಲೂ ನಡೆಯುತ್ತದೆ. ಕೆಲವದರ ಪಕ್ಕದಲ್ಲಿ ಚಿಕ್ಕ ಸ್ಕ್ರೂ ಇರುತ್ತದೆ. ಬೆಳಕು ಮಿಣುಕಲು ಶುರುವಾಗುವ ಜಾಗಕ್ಕಿಂತ ತುಸು ಮೇಲೆ ಅದನ್ನು ನಿಲ್ಲಿಸಿಬಿಟ್ಟರೆ ಡಿಮ್ಮರ್ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಮನೆಯವರೆಲ್ಲ ಬಳಸುವ ಕಡೆ ಈ ಸೌಲಭ್ಯ ಬಹಳ ಉಪಯುಕ್ತ.

ಬೆಲೆ ಸಾಮಾನ್ಯ ಡಿಮ್ಮರಿನ ಕೆಲವು ಪಟ್ಟು. ದೊಡ್ಡ ಕಂಪನಿಗಳ ಮಾಡ್ಯುಲರ್ ಸರಣಿಗಳಲ್ಲಿ ಸಿಗುತ್ತದೆ, ಆದರೆ ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಂಥ ಕಡೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು, ಬೇರೆ ಊರಿನವರು ಆನ್‌ಲೈನಿನಲ್ಲಿ ತರಿಸಬೇಕಾದೀತು. ನಿಮ್ಮ ಬೋರ್ಡಿನ ಸರಣಿಗೆ ಅದು ಕೂರುತ್ತದೆಯೇ ಎಂದು ಮೊದಲೇ ನೋಡಿ, ಒಂದು ಕಂಪನಿಯ ಮಾಡ್ಯೂಲ್ ಇನ್ನೊಂದರ ಚೌಕಟ್ಟಿಗೆ ಹೊಂದದು. ಕೆಲವು ಡಿಮ್ಮರುಗಳಿಗೆ ನ್ಯೂಟ್ರಲ್ ವೈರ್ ಬೇಕು. ನಮ್ಮ ಮನೆಗಳ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ಲಗ್ ಪಾಯಿಂಟೂ ಇರುವುದರಿಂದ ನ್ಯೂಟ್ರಲ್ ಅಲ್ಲೇ ಸಿಗುತ್ತದೆ. ಸ್ವಿಚ್ಚು ಮಾತ್ರ ಇರುವ ಬೋರ್ಡಿನಲ್ಲಿ ಅದು ಇಲ್ಲದಿರಬಹುದು. ಈ ಕೆಲಸವನ್ನು ಮೇನ್ ಸ್ವಿಚ್ ಆರಿಸಿ, ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ವೋಲ್ಟೇಜ್ ಏರಿಳಿತದ ಊರುಗಳವರು ಇನ್ನೊಂದು ವಿಷಯ ತೂಗಿ ನೋಡಬೇಕು. ಸಾಮಾನ್ಯ ಎಲ್‌ಇಡಿ ವೋಲ್ಟೇಜ್ ಎಷ್ಟೋ ಕುಸಿದರೂ ಒಂದೇ ಬೆಳಕು ಕೊಡುತ್ತದೆ, ಅದು ಅದರ ದೊಡ್ಡ ಗುಣ. ಡಿಮ್ಮಬಲ್ ಬಲ್ಬುಗಳಲ್ಲಿ ಕೆಲವು, ಬರುವ ಕರೆಂಟನ್ನು ಅನುಸರಿಸಿಯೇ ಬೆಳಕು ಇಳಿಸುವುದರಿಂದ, ಮೋಟಾರ್ ಸ್ಟಾರ್ಟ್ ಆದಾಗಲೆಲ್ಲ ಒಮ್ಮೆ ಕುಗ್ಗಿ ಏಳುತ್ತವೆ. ಇನ್‌ವರ್ಟರ್ ಸ್ಕ್ವೇರ್ ವೇವ್ (ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವ) ಬಗೆಯದಾದರೆ ಡಿಮ್ಮರಿನ ನಡವಳಿಕೆಯೂ ಬದಲಾಗುತ್ತದೆ. ಇನ್‌ವರ್ಟರ್ ಲೈನಿನ ದೀಪಕ್ಕೆ ಡಿಮ್ಮರ್ ಬೇಡ ಎಂಬುದೇ ನನ್ನ ಸಲಹೆ.

ಸ್ವಿಚ್ಚಿನಲ್ಲೇ ಮೆಟ್ಟಿಲಾಗಿ ಇಳಿಯುವ ಬಲ್ಬು

ಇದಕ್ಕೆ ಡಿಮ್ಮರೇ ಬೇಡ. ಸಾಮಾನ್ಯ ಸ್ವಿಚ್ಚನ್ನು ಒಮ್ಮೆ ಹಾಕಿದರೆ ಪೂರ್ತಿ ಬೆಳಕು, ಆರಿಸಿ ಕೂಡಲೇ ಹಾಕಿದರೆ ಅರ್ಧ, ಮತ್ತೊಮ್ಮೆ ಹಾಗೇ ಮಾಡಿದರೆ ಮಂದ. ಮೂರು ಮೆಟ್ಟಿಲು, ಕೆಲವದರಲ್ಲಿ ಎರಡು. ಬೆಲೆ ಸಾಮಾನ್ಯ ಬಲ್ಬಿಗಿಂತ ಹೆಚ್ಚು, ವೈಫೈ ಬಲ್ಬಿಗಿಂತ ತುಂಬಾ ಕಡಿಮೆ. ಬಾಡಿಗೆ ಮನೆಗೆ, ಒಂಟಿ ಬಲ್ಬಿನ ಮಲಗುವ ಕೋಣೆಗೆ ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಸ್ವಿಚ್ಚು ಹಾಕಲು ಬರುವ ಯಾರೂ ಇದನ್ನು ಬಳಸಬಲ್ಲರು.

ಮಿತಿಗಳನ್ನೂ ಹೇಳಬೇಕು. ಬೇಕಾದಷ್ಟಕ್ಕೇ ನಿಲ್ಲಿಸುವ ಸ್ವಾತಂತ್ರ್ಯ ಇಲ್ಲ, ಕಂಪನಿ ಕೊಟ್ಟ ಮೂರು ಅಳತೆಗಳೇ ಗತಿ. ಒಂದೇ ಸ್ವಿಚ್ಚಿನಡಿ ನಾಲ್ಕು ಬಲ್ಬು ಹಾಕಿದರೆ ಎಂದಾದರೂ ಒಂದು ಲೆಕ್ಕ ತಪ್ಪಿ, ಮೂರು ಮಂದವಾಗಿ ಒಂದು ಪ್ರಖರವಾಗಿ ಉರಿಯುತ್ತದೆ. ಎಲ್ಲವನ್ನೂ ಸ್ವಲ್ಪ ಹೊತ್ತು ಆರಿಸಿಟ್ಟು ಮತ್ತೆ ಹಾಕಬೇಕು. ಕರೆಂಟು ಕಣ್ಣುಮುಚ್ಚಾಲೆ ಆಡುವ ಕಡೆ ಬಲ್ಬು ಅದನ್ನೂ ಸ್ವಿಚ್ಚಿನ ಆಟವೆಂದೇ ತಿಳಿದು ಮೆಟ್ಟಿಲು ಬದಲಿಸುತ್ತದೆ. ಕೊಳ್ಳುವಾಗ ಡಬ್ಬಿ ಸರಿಯಾಗಿ ಓದಿ: ಸ್ವಿಚ್ಚಿನಲ್ಲಿ ಬೆಳಕಿನ ಪ್ರಮಾಣ ಬದಲಾಗುವುದು ಒಂದು ಬಗೆ, ಬಿಳಿ, ಹಳದಿ ಎಂದು ಬಣ್ಣ ಮಾತ್ರ ಬದಲಾಗುವ ‘ತ್ರೀ ಇನ್ ಒನ್’ ಇನ್ನೊಂದು ಬಗೆ. ನೋಡಲು ಎರಡೂ ಒಂದೇ. ಈ ಬಲ್ಬನ್ನು ಗೋಡೆಯ ಡಿಮ್ಮರ್ ಇರುವ ಲೈನಿಗೆ ಮಾತ್ರ ಹಾಕಬಾರದು.

ವೈಫೈ ಬಲ್ಬು

ಸ್ವಿಚ್ಚು ಹಾಕಿಯೇ ಇಟ್ಟು, ಮೊಬೈಲಿನಿಂದಲೋ ಮಾತಿನಿಂದಲೋ ನಡೆಸುವ ಬಲ್ಬು ಇದು. ಬೆಳಕು ಇಳಿಸುವ ಕೆಲಸ ಬಲ್ಬಿನೊಳಗೇ ನಡೆಯುವುದರಿಂದ ಡಿಮ್ಮರ್ ಹೊಂದಾಣಿಕೆಯ ರಗಳೆ ಇಲ್ಲ. ತುಂಬಾ ಕೆಳಗೆ ಇಳಿಯುತ್ತದೆ, ಬಿಳಿಯಿಂದ ಹಳದಿಗೆ ಬಣ್ಣವೂ ಬದಲಾಗುತ್ತದೆ, ರಾತ್ರಿ ಹತ್ತಕ್ಕೆ ತಾನೇ ಮಂದವಾಗು ಎಂದು ಹೇಳಿಡಬಹುದು. ಹಾಸಿಗೆ ಹಿಡಿದವರಿಗೆ, ಎದ್ದು ಸ್ವಿಚ್ಚಿನ ಬಳಿ ಹೋಗಲಾಗದವರಿಗೆ ಇದು ನಿಜವಾದ ಉಪಕಾರ. ಅಂಥವರು ಮನೆಯಲ್ಲಿದ್ದರೆ ಖರ್ಚಿನ ಬಗ್ಗೆ ಯೋಚಿಸಬೇಡಿ. ಬೆಲೆ ಸಾಮಾನ್ಯ ಬಲ್ಬಿನ ಐದಾರು ಪಟ್ಟು ಇರುತ್ತದೆ.

ಆದರೆ ನಮ್ಮ ಮನೆಗಳ ರೂಢಿಗೂ ಇದಕ್ಕೂ ತಿಕ್ಕಾಟವಿದೆ. ಕೋಣೆಯಿಂದ ಹೊರಬರುವಾಗ ಸ್ವಿಚ್ಚು ಆರಿಸಬೇಕು ಎಂದು ನಮಗೆಲ್ಲ ಮನೆಯಲ್ಲಿ ಹೇಳಿ ಬೆಳೆಸಿದ್ದಾರೆ. ಸ್ವಿಚ್ಚು ಆರಿಸಿದರೆ ಈ ಬಲ್ಬು ಮೊಬೈಲಿಗೆ ಓಗೊಡುವುದಿಲ್ಲ. ಸ್ವಿಚ್ಚು ಹಾಕಿಯೇ ಇಟ್ಟರೆ ಉರಿಯದಿದ್ದಾಗಲೂ ಅರ್ಧ ವಾಟಿನಷ್ಟು ತಿನ್ನುತ್ತಿರುತ್ತದೆ, ತಿಂಗಳಿಗೆ ಸುಮಾರು 0.36 ಯೂನಿಟ್, ಇದು ದೊಡ್ಡ ಖರ್ಚಲ್ಲ. ದೊಡ್ಡ ತೊಂದರೆ ಮಧ್ಯರಾತ್ರಿ ಕರೆಂಟು ಹೋಗಿ ಬಂದಾಗ. ಹಲವು ಬಲ್ಬುಗಳು ಕರೆಂಟು ಮರಳಿದ ಕೂಡಲೇ ಪೂರ್ತಿ ಬೆಳಕಿನಲ್ಲಿ ಉರಿಯತೊಡಗುತ್ತವೆ. ಮಲಗಿದ್ದ ಮಗು ಎದ್ದು ಅಳುವುದಕ್ಕೆ ಇಷ್ಟು ಸಾಕು. ಆ್ಯಪಿನಲ್ಲಿ ‘ಕರೆಂಟು ಬಂದಾಗ ಹಿಂದಿನ ಸ್ಥಿತಿಯಲ್ಲೇ ಇರು’ ಎಂಬ ಆಯ್ಕೆ ಇರುವ ಬಲ್ಬನ್ನೇ ಕೊಳ್ಳಿ. ಬಹುತೇಕ ಬಲ್ಬುಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ ಎಂಬುದೂ ನೆನಪಿರಲಿ. ರಿಮೋಟ್ ಜೊತೆಗೆ ಬರುವ ಬಲ್ಬುಗಳೂ ಇವೆ. ಹಿರಿಯರಿಗೆ ಮೊಬೈಲಿಗಿಂತ ಅದೇ ವಾಸಿ. ಮೆಟ್ಟಿಲಿನ ಬಲ್ಬಿನಂತೆ ಇದನ್ನೂ ಡಿಮ್ಮರ್ ಲೈನಿಗೆ ಹಾಕುವಂತಿಲ್ಲ.

ಸಾಮಾನ್ಯ ಎಲ್‌ಇಡಿ, ಜೊತೆಗೊಂದು ಪುಟ್ಟ ದೀಪ

ಈಗ ನಾನು ಮೊದಲಿಗೇ ಹೇಳಿದ ಮಾತಿಗೆ ಬರುತ್ತೇನೆ. ಮಂದ ಬೆಳಕು ಬೇಕೆನ್ನುವ ಮನೆಗಳಲ್ಲಿ ವಿಚಾರಿಸಿದರೆ ಬಹಳ ಸಲ ತಿಳಿಯುವುದು ಇಷ್ಟು: ಸಂಜೆ ಪೂರ್ತಿ ಬೆಳಕು ಬೇಕು, ರಾತ್ರಿ ಬಚ್ಚಲಿಗೆ ಹೋಗುವ ದಾರಿ ಕಾಣುವಷ್ಟು ಬೇಕು. ನಡುವಿನದ್ದು ಯಾವುದೂ ಬೇಕಿಲ್ಲ. ಇದಕ್ಕೆ ನಮ್ಮ ಹಿರಿಯರ ಜೀರೋ ಕ್ಯಾಂಡಲ್ ಬಲ್ಬೇ ಉತ್ತರ, ಎಲ್‌ಇಡಿ ರೂಪದಲ್ಲಿ. ಹಳೆಯ ಜೀರೋ ಬಲ್ಬು ಹೆಸರಿಗೆ ಜೀರೋ ಆದರೂ 12ರಿಂದ 15 ವಾಟ್ ತಿನ್ನುತ್ತಿತ್ತು. ರಾತ್ರಿಯಿಡೀ 8 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು ಮೂರರಿಂದ ಮೂರೂವರೆ ಯೂನಿಟ್. ಅದೇ ಹೋಲ್ಡರಿಗೆ ಕೂರುವ ಅರ್ಧ ವಾಟಿನ ಎಲ್‌ಇಡಿಗೆ 0.12 ಯೂನಿಟ್. ನಿಮ್ಮ ಮನೆಯಲ್ಲಿ ಇನ್ನೂ ಹಳೆಯ ಜೀರೋ ಬಲ್ಬು ಉರಿಯುತ್ತಿದ್ದರೆ ಎಲ್ಲಕ್ಕಿಂತ ಮೊದಲು ಬದಲಿಸಬೇಕಾದ್ದು ಅದನ್ನೇ.

ಹಜಾರಕ್ಕೂ ಇದೇ ಯೋಚನೆ ಒಪ್ಪುತ್ತದೆ. ನಡುವಿನ ದೀಪಕ್ಕೆ ಒಂದು ಸ್ವಿಚ್ಚು, ಟಿ.ವಿ. ಹಿಂದಿನ ಗೋಡೆಗೆ 3 ವಾಟಿನ ಹಳದಿ ದೀಪ ಬೇರೆ ಸ್ವಿಚ್ಚಿಗೆ. ಮನೆ ಕಟ್ಟುತ್ತಿರುವವರು, ರಿಪೇರಿ ಮಾಡಿಸುತ್ತಿರುವವರು ವೈರಿಂಗ್ ಹಂತದಲ್ಲೇ ಪ್ರತಿ ಕೋಣೆಗೂ ಎರಡು ಸರ್ಕ್ಯೂಟ್ ಹೇಳಿಬಿಟ್ಟರೆ ಆ ಖರ್ಚು ಮತ್ತೆ ಬರುವುದಿಲ್ಲ. ಡಿಮ್ಮರಿನಂಥ ಕೆಡುವ ಸೂಕ್ಷ್ಮ ಭಾಗಗಳಿಲ್ಲ, ಯಾವ ಊರಿನ ಅಂಗಡಿಯಲ್ಲೂ ಬದಲಿ ಬಲ್ಬು ಸಿಗುತ್ತದೆ.

ಹಳೆಯ ಡಿಮ್ಮರ್ ಇರುವ ಲೈನಿಗೆ ಸಾಮಾನ್ಯ ಎಲ್‌ಇಡಿ ಹಾಕಲು ತೀರ್ಮಾನಿಸಿದರೆ ಡಿಮ್ಮರನ್ನು ತೆಗೆಸಿ ಆ ಜಾಗಕ್ಕೆ ಸ್ವಿಚ್ಚು ಹಾಕಿಸಿ. ‘ಪೂರ್ತಿಗೆ ತಿರುಗಿಸಿ ಇಟ್ಟರಾಯಿತು’ ಎಂದು ಬಿಡುವುದು ಸರಿಯಲ್ಲ. ಪೂರ್ತಿಯಲ್ಲೂ ಟ್ರಯಾಕ್ ಅಲೆಯನ್ನು ತುಸು ಕತ್ತರಿಸುತ್ತಲೇ ಇರುತ್ತದೆ, ಮಕ್ಕಳು ಆಗಾಗ ತಿರುಗಿಸುತ್ತಲೂ ಇರುತ್ತಾರೆ.

ಬೆಳಕಿನ ಗುಣ

ಯಾವ ದಾರಿ ಹಿಡಿದರೂ ಡಬ್ಬಿಯ ಮೇಲೆ ಮೂರು ಸಂಖ್ಯೆ ನೋಡಿ. ಲ್ಯೂಮೆನ್, ಅಂದರೆ ಬೆಳಕಿನ ಪ್ರಮಾಣ: ಹಳೆಯ 60 ವಾಟಿನ ಬದಲಿಗೆ 700 ಲ್ಯೂಮೆನ್ ಸಾಕು, 100 ವಾಟಿನ ಬದಲಿಗೆ 1300ಕ್ಕಿಂತ ಮೇಲೆ ಬೇಕು. ಕೆಲ್ವಿನ್, ಅಂದರೆ ಬೆಳಕಿನ ಬಣ್ಣ: ಮಂದ ಮಾಡುವ ದೀಪಕ್ಕೆ 2700 ಅಥವಾ 3000 ಮಾತ್ರ. ಅಂಗಡಿಯಲ್ಲಿ ಕೇಳದೆಯೇ ಕೊಡುವ 6500 ಕೆಲ್ವಿನ್ ಬಿಳಿ ಬೆಳಕು ಪೂರ್ತಿಯಲ್ಲಿ ಚೆಂದ, ಇಳಿಸಿದರೆ ಮೋಡ ಕವಿದ ಮಧ್ಯಾಹ್ನದಂತೆ ಬೂದಾಗಿ ಮನಸ್ಸಿಗೆ ಬೇಸರ ತರುತ್ತದೆ. ಬುರುಡೆ ಬಲ್ಬಿನಂತೆ ಇಳಿದಷ್ಟೂ ಕೆಂಪೇರುವ ‘ವಾರ್ಮ್ ಡಿಮ್’ ಎಲ್‌ಇಡಿಗಳೂ ಇವೆ, ದುಬಾರಿ. ಊಟದ ಮೇಜಿನ ಮೇಲಿನ ದೀಪಕ್ಕೆ ಆ ಹಣ ಸಾರ್ಥಕ.

ಮೂರನೆಯದು ಸಿಆರ್‌ಐ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ. ಬುರುಡೆ ಬಲ್ಬಿನದು 100ರ ಸನಿಹ, ಸಾಮಾನ್ಯ ಎಲ್‌ಇಡಿಯದು 80ರ ಆಸುಪಾಸು. ಹೆಚ್ಚು ಪೆಟ್ಟು ತಿನ್ನುವುದು ಕೆಂಪು. ದೇವರ ಕೋಣೆಯ ಕುಂಕುಮ, ದಾಸವಾಳ, ರೇಷ್ಮೆ ಸೀರೆಯ ಅಂಚು ಮಂಕಾಗಿ ಕಂಡರೆ ಕಾರಣ ಇದೇ. ದೇವರ ಕೋಣೆಗೂ ಕನ್ನಡಿಯ ಮುಂದಿನ ದೀಪಕ್ಕೂ 90 ಸಿಆರ್‌ಐ ಇರುವುದನ್ನು ಹುಡುಕಿ ತನ್ನಿ. ಅಲ್ಲಿ ಡಿಮ್ ಆಗುವುದಕ್ಕಿಂತ ಇದು ಮುಖ್ಯ.

ನಾಲ್ಕು ಮನೆಗಳು

ಬಾಡಿಗೆ ಮನೆ, ಗಂಡ ಹೆಂಡತಿ, ಕೈಗೂಸು: ಮಲಗುವ ಕೋಣೆಗೆ ಮೆಟ್ಟಿಲಿನ ಬಲ್ಬು, ಹಳದಿಯದು. ಬಾಣಂತಿ ಕೋಣೆಗೆ ಮೂರನೇ ಮೆಟ್ಟಿಲೂ ಹೆಚ್ಚೆನಿಸಿದರೆ ಪ್ಲಗ್ಗಿಗೆ ಸಿಕ್ಕಿಸುವ ಅರ್ಧ ವಾಟಿನ ದೀಪ.

ಹಳ್ಳಿಯ ಮನೆ, ಕರೆಂಟಿನ ಭರವಸೆ ಇಲ್ಲ, ಇನ್‌ವರ್ಟರ್ ಇದೆ: ಸಾಮಾನ್ಯ ಎಲ್‌ಇಡಿ ಮತ್ತು ಜೀರೋ ಎಲ್‌ಇಡಿ. ಬೇರೆ ಯಾವುದಕ್ಕೂ ಹಣ ಹಾಕಬೇಡಿ. ಕೋಳಿಮರಿಗಳ ಕಾವಿಗೆ ಹಚ್ಚಿರುವ ಬುರುಡೆ ಬಲ್ಬನ್ನು ಮಾತ್ರ ಬದಲಿಸಬೇಡಿ. ಅಲ್ಲಿ ಬೇಕಿರುವುದು ಶಾಖ, ಎಲ್‌ಇಡಿ ಅದನ್ನು ಕೊಡದು.

ಪೇಟೆಯ ಸ್ವಂತ ಮನೆ, ಹಜಾರದಲ್ಲಿ ತೂಗುದೀಪ: ಹಣ ಇದ್ದರೆ ಎಲ್‌ಇಡಿ ಡಿಮ್ಮರ್ ಮತ್ತು ಒಂದೇ ಕಂಪನಿಯ, ಒಂದೇ ಮಾದರಿಯ ಡಿಮ್ಮಬಲ್ ಕ್ಯಾಂಡಲ್ ಬಲ್ಬುಗಳು. ಸದ್ಯಕ್ಕೆ ಹಣವಿಲ್ಲದಿದ್ದರೆ ಐದು ಎಲ್‌ಇಡಿ, ಒಂದು ಬುರುಡೆಯ ಉಪಾಯ.

ವಯಸ್ಸಾದವರು ಇಬ್ಬರೇ ಇರುವ ಮನೆ, ಮಕ್ಕಳು ದೂರದಲ್ಲಿ: ಮಕ್ಕಳು ಪ್ರೀತಿಯಿಂದ ಮನೆ ತುಂಬ ವೈಫೈ ಬಲ್ಬು ಹಾಕಿಸಿ ಹೋಗುವುದನ್ನು ಕಾಣುತ್ತೇವೆ. ರೂಟರ್ ಕೆಟ್ಟ ದಿನ ಅವರಿಗೆ ಸಹಾಯಕ್ಕೆ ಯಾರೂ ಇರುವುದಿಲ್ಲ. ಹಾಸಿಗೆಯ ಪಕ್ಕ ರಿಮೋಟಿನ ಬಲ್ಬು ಒಂದು ಸಾಕು, ಉಳಿದ ಕಡೆ ಸ್ವಿಚ್ಚು. ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ ಪ್ರಖರ ದೀಪ ಚುಚ್ಚುತ್ತದೆ, ಹಾಗೆಂದು ಮಂದ ಬೆಳಕಿನಲ್ಲಿ ಮೆಟ್ಟಿಲು ಕಾಣದು. ಬಲ್ಬು ನೇರ ಕಣ್ಣಿಗೆ ಬೀಳದಂತೆ ಶೇಡ್ ಹಾಕಿ ಬೆಳಕನ್ನು ಪೂರ್ತಿ ಇಡುವುದೇ ಮೇಲು.

ಕೊಂಡು ತಂದ ಮೇಲೆ

ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16102 ಎಂಬ ಸಂಖ್ಯೆ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇವೆಯೇ ನೋಡಿ. ಪಿನ್ ಹೋಲ್ಡರೋ ಸ್ಕ್ರೂ ಹೋಲ್ಡರೋ ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ. ತೂಗುದೀಪಗಳದ್ದು ಸಾಮಾನ್ಯವಾಗಿ ಸಣ್ಣ ಸ್ಕ್ರೂ. ಪೂರ್ತಿ ಮುಚ್ಚಿದ ಗಾಜಿನ ಬುಟ್ಟಿಯೊಳಗೆ ಹಾಕುವುದಾದರೆ ಕಡಿಮೆ ವಾಟಿನದನ್ನೇ ಆರಿಸಿ. ಎಲ್‌ಇಡಿಯ ಬಿಸಿ ಬುಡದಲ್ಲಿ ಕೂರುತ್ತದೆ, ಕೆಪಾಸಿಟರಿನ ಶಾಖ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ.

ಆರು ಬಲ್ಬು ಬೇಕಿದ್ದರೂ ಮೊದಲು ಒಂದೋ ಎರಡೋ ತನ್ನಿ, ಬಿಲ್ ಇಟ್ಟುಕೊಳ್ಳಿ. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಪೂರ್ತಿಯಿಂದ ಕೆಳಗಿನವರೆಗೆ ನಿಧಾನವಾಗಿ ಇಳಿಸಿ, ಕಿವಿಗೊಟ್ಟು ಕೇಳಿ. ತೀರಾ ಕೆಳಗಿನ ಮಟ್ಟದಲ್ಲಿಟ್ಟು ಆರಿಸಿ ಮತ್ತೆ ಹಾಕಿ. ಬಲ್ಬು ಅಲ್ಲಿಂದಲೇ ಹೊತ್ತಿಕೊಳ್ಳಬೇಕು, ಉರಿಯದೆ ಕುಳಿತರೆ ಜೋಡಿ ಸರಿಯಿಲ್ಲ. ಅದರ ಬೆಳಕಿನಲ್ಲಿ ಪೆನ್ನೊಂದನ್ನು ಬೆರಳ ನಡುವೆ ಹಿಡಿದು ಜೋರಾಗಿ ಆಡಿಸಿ. ಬಿಡಿಬಿಡಿಯಾಗಿ ಹಲವು ಪೆನ್ನುಗಳು ಕಂಡರೆ ಕಣ್ಣಿಗೆ ಗೊತ್ತಾಗದ ಮಿಣುಕು ಇದೆ ಎಂದರ್ಥ. ಓದುವ ಜಾಗಕ್ಕೆ, ತಲೆನೋವಿನ ತೊಂದರೆ ಇರುವವರ ಕೋಣೆಗೆ ಅಂಥದ್ದು ಬೇಡ. ಸ್ವಿಚ್ಚು ಆರಿಸಿದ ಮೇಲೂ ಬಲ್ಬು ಸಣ್ಣಗೆ ಮಿನುಗುತ್ತಿದ್ದರೆ ಗಾಬರಿಯಾಗಬೇಡಿ. ಕೆಂಪು ಇಂಡಿಕೇಟರ್ ಇರುವ ಸ್ವಿಚ್ಚಿನ ಮೂಲಕ ಸೋರುವ ಅತ್ಯಲ್ಪ ಕರೆಂಟೇ ಅದಕ್ಕೆ ಸಾಕಾಗುತ್ತದೆ, ಇಂಡಿಕೇಟರ್ ಇಲ್ಲದ ಸ್ವಿಚ್ಚು ಹಾಕಿಸಿದರೆ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ವೈರನ್ನು ಕಡಿಯುತ್ತಿರಬಹುದು. ಅದು ಅಪಾಯ, ಎಲೆಕ್ಟ್ರಿಷಿಯನ್‌ನಿಂದ ಕೂಡಲೇ ಸರಿಪಡಿಸಿಕೊಳ್ಳಿ. ಇಷ್ಟೆಲ್ಲ ಸರಿಯಿದ್ದರೆ ಒಂದು ವಾರ ಬಳಸಿ ನೋಡಿ, ಆಮೇಲೆ ಉಳಿದ ಬಲ್ಬುಗಳನ್ನು ಅದೇ ಅಂಗಡಿಯಿಂದ, ಅದೇ ಮಾದರಿ ಸಂಖ್ಯೆ ನೋಡಿ ತನ್ನಿ.